ಹಾಯ್ ಎಂದಷ್ಟೇ ಬರೆದು ಸುಮ್ಮನಾಗಬೇಡಿ

ಫ್ಲ್ಯಾಟ್ ಬುಷ್‌ನಲ್ಲಿ ಸಂಜೆ ಐದಾದಾಗ ಬೆಂಗಳೂರಿನಲ್ಲಿ ಬೆಳಿಗ್ಗೆ ಹತ್ತೂವರೆ. ಇದು ಇಲ್ಲಿಯ ಚಳಿಗಾಲದ ಲೆಕ್ಕ. ಸೆಪ್ಟೆಂಬರ್ ತಿಂಗಳ ಕೊನೆಯ ಭಾನುವಾರ ನ್ಯೂಜಿಲೆಂಡಿನಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಅಲ್ಲಿಂದ ಏಪ್ರಿಲ್‌ನ ಮೊದಲ ಭಾನುವಾರದ ತನಕ ನಮ್ಮ ಐದು ಗಂಟೆಗೆ ಬೆಂಗಳೂರಿನಲ್ಲಿ ಇನ್ನೂ ಒಂಬತ್ತೂವರೆ. ಆಕ್ಲೆಂಡಿನ ಆಗ್ನೇಯಕ್ಕಿರುವ ಈ ಬಡಾವಣೆಯಲ್ಲಿ ಭಾರತದಿಂದಲೂ ಚೀನಾದಿಂದಲೂ ಬಂದ ಕುಟುಂಬಗಳು ಬಹಳ. ಸಂಜೆ ಬ್ಯಾರಿ ಕರ್ಟಿಸ್ ಪಾರ್ಕಿನಲ್ಲಿ ನಡೆಯಲು ಹೋದರೆ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ‘ಬಿಲ್ಡ್ ಯಾಕೆ ಫೇಲ್ ಆಯ್ತು’ ಎಂದು ದೂರದ ಯಾರನ್ನೋ ಕೇಳುತ್ತ ಸಾಗುವವರು ಎದುರಾಗುತ್ತಾರೆ. ನಾನೂ ಅವರಲ್ಲಿ ಒಬ್ಬಳು. ನಮ್ಮ ತಂಡದ ಅರ್ಧ ಜನ ಆಕ್ಲೆಂಡಿನಲ್ಲಿ, ಇನ್ನರ್ಧ ಬೆಂಗಳೂರಿನಲ್ಲಿ. ಎರಡೂ ಕಡೆಯವರು ಏಕಕಾಲಕ್ಕೆ ಕೆಲಸದಲ್ಲಿರುವುದು ದಿನಕ್ಕೆ ಹೆಚ್ಚೆಂದರೆ ಮುಕ್ಕಾಲು ಗಂಟೆ.

ಈ ತಂಡ ಸೇರಿದ ಹೊಸತರಲ್ಲಿ ಒಂದು ಮಂಗಳವಾರ ಸಂಜೆ ನಾಲ್ಕೂ ಮುಕ್ಕಾಲಿಗೆ ಬೆಂಗಳೂರಿನ ಸಹೋದ್ಯೋಗಿಗೆ ‘ಹಾಯ್’ ಎಂದು ಬರೆದೆ. ಅವರು ‘ಹಾಯ್ ಮೇಡಂ, ಹೇಳಿ’ ಎಂದು ಉತ್ತರಿಸುವಷ್ಟರಲ್ಲಿ ನಾನು ಮನೆಯ ದಾರಿ ಹಿಡಿದಿದ್ದೆ. ಬುಧವಾರ ಬೆಳಿಗ್ಗೆ ಪ್ರಶ್ನೆ ಕಳಿಸಿದೆ: ಟೆಸ್ಟ್ ಸರ್ವರಿನ ಪಾಸ್‌ವರ್ಡ್ ಬದಲಾಗಿದೆಯೇ? ಅಲ್ಲಿ ಆಗ ನಡುರಾತ್ರಿ ದಾಟಿತ್ತು. ಅವರು ಕಚೇರಿಗೆ ಬಂದು, ಮೀಟಿಂಗ್ ಮುಗಿಸಿ, ಉತ್ತರ ಬರೆದಾಗ ನನಗೆ ಬುಧವಾರದ ಸಂಜೆ. ಗುರುವಾರ ಬೆಳಿಗ್ಗೆ ಪೆಟ್ಟಿಗೆ ತೆರೆದಾಗ ಒಂದೇ ಪದ ಕಾದಿತ್ತು: ‘ಹೌದು’. ಒಂದು ‘ಹೌದು’ ಪಡೆಯಲು ಇಡೀ ಬುಧವಾರ ಹೋಯಿತು. ಪ್ರಶ್ನೆಯನ್ನು ಮಂಗಳವಾರದ ‘ಹಾಯ್’ ಜೊತೆಗೇ ಬರೆದಿದ್ದರೆ ಬುಧವಾರ ಬೆಳಿಗ್ಗೆಯೇ ಉತ್ತರ ನನ್ನ ಮುಂದಿರುತ್ತಿತ್ತು. ತಪ್ಪು ನನ್ನದೇ.

ನಾವು ಬೆಳೆದ ರೀತಿಯೇ ಹಾಗೆ. ಯಾರ ಮನೆಗೆ ಹೋದರೂ ‘ಊಟ ಆಯ್ತಾ, ಮಕ್ಕಳು ಹೇಗಿದ್ದಾರೆ’ ಎಂದು ಕೇಳದೆ ಕೆಲಸದ ಮಾತು ಎತ್ತುವುದಿಲ್ಲ. ಎದುರಿಗೆ ಕೂತವರ ಜೊತೆ ಅದು ಸೌಜನ್ಯ. ಆರೂವರೆ ಗಂಟೆ ಹಿಂದಿರುವವರಿಗೆ ಬರೆಯುವಾಗ ಅದೇ ಅಭ್ಯಾಸ ಅವರ ಒಂದು ದಿನವನ್ನೂ ನಮ್ಮ ಒಂದು ದಿನವನ್ನೂ ತಿನ್ನುತ್ತದೆ. ಕುಶಲವನ್ನು ಖಂಡಿತ ಕೇಳಿ. ಅದೇ ಉಸಿರಿನಲ್ಲಿ ವಿಷಯವನ್ನೂ ಹೇಳಿಬಿಡಿ. ಇಂಟೆಲ್ ಸಂಸ್ಥೆಯ ಸ್ಯಾಲಿ ಹ್ಯಾಂಬ್ರಿಜ್ 1995ರ ಅಕ್ಟೋಬರ್‌ನಲ್ಲಿ ಅಂತರ್ಜಾಲದ ನಡವಳಿಕೆಯ ಬಗ್ಗೆ ಒಂದು ಕೈಪಿಡಿ ಪ್ರಕಟಿಸಿದರು. ಆರ್‌ಎಫ್‌ಸಿ 1855 ಎಂಬುದು ಅದರ ಸಂಖ್ಯೆ. ನೀವು ತಕ್ಷಣ ಉತ್ತರ ಬಯಸಿ ಬರೆದ ಓಲೆ ತಲುಪುವ ಹೊತ್ತಿಗೆ ಪಡೆಯುವವರು ಮನೆಯಲ್ಲಿ ನಿದ್ದೆಯಲ್ಲಿರಬಹುದು ಎಂಬ ಎಚ್ಚರಿಕೆ ಅದರಲ್ಲಿ ಆಗಲೇ ಇದೆ. ಮೂವತ್ತು ವರ್ಷ ಕಳೆದರೂ ಆ ಮಾತಿಗೆ ಮುಪ್ಪು ಬಂದಿಲ್ಲ.

ಪ್ರೋಗ್ರಾಮರುಗಳ ನಡುವಿನ ಸೌಜನ್ಯದ ತಿರುಳು ಇಲ್ಲೇ ಇದೆ ಎಂದು ನನಗೆ ಅನ್ನಿಸಿದೆ. ನಮ್ಮ ಬರಹವನ್ನು, ನಮ್ಮ ಕೋಡನ್ನು ಓದುವವರು ಓದುವ ಗಳಿಗೆಯಲ್ಲಿ ನಮ್ಮ ಎದುರಿಗಿರುವುದಿಲ್ಲ. ಅವರು ನಿದ್ದೆಯಲ್ಲಿರಬಹುದು, ಮುಂದಿನ ವರ್ಷ ಓದಬಹುದು, ಇನ್ನೂ ಕೆಲಸಕ್ಕೇ ಸೇರಿರದಿರಬಹುದು. ನಮ್ಮ ಮುಖದ ನಗು, ದನಿಯ ಮೆದು ಅವರಿಗೆ ತಲುಪುವುದಿಲ್ಲ. ಬರೆದಷ್ಟೇ ತಲುಪುತ್ತದೆ.

ಕೇಳುವುದು ಹೇಗೆ

ಒಳ್ಳೆಯ ಪ್ರಶ್ನೆಯಲ್ಲಿ ನಾಲ್ಕು ಸಂಗತಿ ಇದ್ದರೆ ಸಾಕು: ನೀವು ಏನು ಮಾಡಲು ಹೊರಟಿದ್ದಿರಿ, ಏನಾಯಿತು, ಅಷ್ಟರಲ್ಲಿ ಏನೇನು ಪ್ರಯತ್ನಿಸಿದಿರಿ, ಉತ್ತರ ಯಾವಾಗ ಬೇಕು. ಎರರ್ ಮೆಸೇಜನ್ನು ಅಕ್ಷರವಾಗಿಯೇ ನಕಲು ಮಾಡಿ ಹಾಕಿ. ಪರದೆಯ ಫೋಟೊ ಹಾಕಿದರೆ ಓದುವವರು ಅದನ್ನು ಹುಡುಕುವಂತಿಲ್ಲ, ನಕಲಿಸುವಂತಿಲ್ಲ. ಮೊಬೈಲಿನಲ್ಲಿ ನೋಡುವವರು ಕಣ್ಣು ಕಿರಿದು ಮಾಡಿಕೊಂಡು ಓದಬೇಕು. ‘ಅರ್ಜೆಂಟ್’ ಎಂಬ ಪದವನ್ನು ಉಳಿಸಿಕೊಳ್ಳಿ. ದಿನಕ್ಕೆ ಮೂರು ಸಲ ಅರ್ಜೆಂಟ್ ಎಂದವರ ನಾಲ್ಕನೆಯ ಅರ್ಜೆಂಟನ್ನು, ಅದು ನಿಜವಾಗಿ ಬೆಂಕಿ ಬಿದ್ದದ್ದೇ ಆಗಿದ್ದರೂ, ಯಾರೂ ನಂಬುವುದಿಲ್ಲ.

ಆದಷ್ಟೂ ಒಬ್ಬರನ್ನೇ ಖಾಸಗಿಯಾಗಿ ಕೇಳುವ ಬದಲು ತಂಡದ ಚಾನೆಲ್ಲಿನಲ್ಲಿ ಕೇಳಿ. ‘ಇಷ್ಟು ಚಿಕ್ಕ ವಿಷಯ ಗೊತ್ತಿಲ್ಲವಲ್ಲ ಎಂದುಕೊಂಡಾರು’ ಎಂಬ ಅಂಜಿಕೆ ನಮ್ಮವರಲ್ಲಿ ಹೆಚ್ಚು. ಅದೇ ವಿಷಯ ಗೊತ್ತಿಲ್ಲದ ಇನ್ನಿಬ್ಬರು ಸುಮ್ಮನೆ ಓದುತ್ತಿರುತ್ತಾರೆ, ಅವರಿಗೂ ಉಪಕಾರ. ಕೊನೆಗೆ ಉತ್ತರ ನಿಮಗೇ ಹೊಳೆದರೆ ‘ಗೊತ್ತಾಯ್ತು, ಬಿಡಿ’ ಎಂದು ಹೋಗಬೇಡಿ. ಏನು ಗೊತ್ತಾಯಿತು ಎಂಬುದನ್ನು ಅಲ್ಲೇ ಎರಡು ಸಾಲು ಬರೆದಿಡಿ. ಆರು ತಿಂಗಳ ನಂತರ ಅದೇ ಎರರ್ ಹುಡುಕಿಕೊಂಡು ಬಂದವರಿಗೆ ‘ಬಿಡಿ’ ಎಂಬ ಮಾತು ಸಿಕ್ಕಾಗ ಆಗುವ ಸಂಕಟ ನನಗೆ ಗೊತ್ತು.

ಒಂದೇ ಇಂಗ್ಲಿಷು, ಬೇರೆ ಅರ್ಥ

ತಂಡದ ಭಾಷೆ ಇಂಗ್ಲಿಷ್ ಆಗಿದ್ದರೂ ನಾವು ಬರೆಯುವ ಇಂಗ್ಲಿಷು ಬೇರೆ, ಇಲ್ಲಿಯವರು ಓದುವ ಇಂಗ್ಲಿಷು ಬೇರೆ. ಸೌಜನ್ಯ ಎಡವುವ ಜಾಗ ಇದು. ‘ಪ್ಲೀಸ್ ರಿವರ್ಟ್’ ಎಂಬ ಮಾತನ್ನು ನೋಡಿ. ಬೆಂಗಳೂರಿನ ಕಚೇರಿ ಭಾಷೆಯಲ್ಲಿ ಅದರ ಅರ್ಥ ‘ದಯವಿಟ್ಟು ಉತ್ತರಿಸಿ’. ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ರಿವರ್ಟ್ ಎಂಬುದು ಒಂದು ಆಜ್ಞೆ. ಹಿಂದೆ ಮಾಡಿದ ಬದಲಾವಣೆಯನ್ನು ರದ್ದು ಮಾಡುವ ಹೊಸ ಕಮಿಟ್ ಹಾಕುತ್ತದೆ. ನಮ್ಮಲ್ಲಿ ಒಮ್ಮೆ ಬೆಂಗಳೂರಿನ ಹುಡುಗನೊಬ್ಬ ಒಂದು ಬದಲಾವಣೆಯ ಕೆಳಗೆ ಪ್ರಶ್ನೆ ಕೇಳಿ ‘ಪ್ಲೀಸ್ ರಿವರ್ಟ್’ ಎಂದು ಮುಗಿಸಿದ್ದ. ಇಲ್ಲಿಯ ಸಹೋದ್ಯೋಗಿ ತನ್ನ ಎರಡು ದಿನದ ಕೆಲಸವನ್ನು ಮರುಮಾತಿಲ್ಲದೆ ರದ್ದು ಮಾಡಿದಳು. ಇಬ್ಬರೂ ಮರ್ಯಾದೆಯಿಂದಲೇ ನಡೆದುಕೊಂಡಿದ್ದರು. ಆದರೂ ಇಬ್ಬರಿಗೂ ನೋವಾಯಿತು.

‘ಐ ಹ್ಯಾವ್ ಎ ಡೌಟ್’ ಎಂಬುದೂ ಹಾಗೆಯೇ. ನಮಗೆ ಡೌಟ್ ಎಂದರೆ ಪ್ರಶ್ನೆ. ಶಾಲೆಯಲ್ಲಿ ಕೈಯೆತ್ತಿ ಕೇಳುತ್ತಿದ್ದದ್ದು. ಇಲ್ಲಿಯವರ ಕಿವಿಗೆ ಅದು ‘ನಿನ್ನ ಕೆಲಸದ ಮೇಲೆ ನನಗೆ ನಂಬಿಕೆಯಿಲ್ಲ’ ಎಂಬಂತೆ ಕೇಳಬಹುದು. ಕ್ವೆಶ್ಚನ್ ಎಂದು ಬರೆದರೆ ತೊಂದರೆಯಿಲ್ಲ. ‘ಡೂ ದಿ ನೀಡ್‌ಫುಲ್’ ಎಂದರೆ ಏನು ಮಾಡಬೇಕು ಎಂಬುದೇ ಅವರಿಗೆ ತಿಳಿಯುವುದಿಲ್ಲ. ಬೇಕಾದ್ದನ್ನು ಹೆಸರಿಟ್ಟು ಕೇಳಿ.

ಅವರ ಕಡೆಯಿಂದಲೂ ಇಂಥವು ಬರುತ್ತವೆ. ನ್ಯೂಜಿಲೆಂಡಿನವರು ‘ಯೆಹ್ ನಾಹ್’ ಎಂದರೆ ಬಹುತೇಕ ಸಲ ಅದು ಬೇಡ ಎಂದೇ. ಮೊದಲ ‘ಯೆಹ್’ ನಿಮ್ಮ ಮಾತು ಕೇಳಿಸಿತು ಎಂಬುದಕ್ಕೆ. ‘ನಾಟ್ ಬ್ಯಾಡ್’ ಎಂದರೆ ಚೆನ್ನಾಗಿದೆ ಎಂಬ ಮೆಚ್ಚುಗೆ. ‘ಇದನ್ನು ಒಮ್ಮೆ ಯೋಚಿಸಬಹುದೇನೋ’ ಎಂದು ಬರೆದರೆ ಅದನ್ನು ತಿದ್ದಿಯೇ ಮುಂದೆ ಹೋಗಿ ಎಂದು ಎಷ್ಟೋ ಸಲ ಅರ್ಥ. ಬೆಂಗಳೂರಿನಿಂದ ಓದುವವರು ಅದನ್ನು ಐಚ್ಛಿಕ ಎಂದು ತಿಳಿದು ಬಿಟ್ಟುಬಿಡುತ್ತಾರೆ, ಆಮೇಲೆ ‘ಹೇಳಿದ್ದು ಕೇಳಲಿಲ್ಲ’ ಎಂಬ ಅಪವಾದ ಹೊರುತ್ತಾರೆ. ನಮ್ಮದೂ ಕಡಿಮೆಯೇನಿಲ್ಲ. ಕರೆಯಲ್ಲಿ ನಾವು ‘ಹೂಂ, ಓಕೆ ಓಕೆ’ ಎನ್ನುವುದು ‘ಕೇಳಿಸಿಕೊಳ್ಳುತ್ತಿದ್ದೇನೆ’ ಎಂಬುದಕ್ಕೆ. ಅವರು ಅದನ್ನು ‘ಒಪ್ಪಿದ್ದೇನೆ, ಶುಕ್ರವಾರಕ್ಕೆ ಮುಗಿಸುತ್ತೇನೆ’ ಎಂದು ಬರೆದುಕೊಳ್ಳುತ್ತಾರೆ. ಮಾತು ಮುಗಿದ ಮೇಲೆ ಯಾರು ಏನು ಒಪ್ಪಿದರು ಎಂದು ಮೂರು ಸಾಲು ಬರೆದು ಕಳಿಸುವುದಕ್ಕಿಂತ ದೊಡ್ಡ ಉಪಕಾರವಿಲ್ಲ. ಆ ಕೆಲಸ ಯಾರದೆಂದು ಕಾಯಬೇಡಿ, ನೀವೇ ಮಾಡಿ.

ಇನ್ನೊಬ್ಬರ ಕೋಡ್ ಓದುವಾಗ

ಕೋಡ್ ರಿವ್ಯೂ ಎಂದರೆ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಒಪ್ಪುವುದು, ತಿದ್ದಲು ಹೇಳುವುದು. ಜೆರಾಲ್ಡ್ ವೈನ್‌ಬರ್ಗ್ 1971ರಲ್ಲಿ ಪ್ರೋಗ್ರಾಮರುಗಳ ಮನಸ್ಸಿನ ಬಗ್ಗೆಯೇ ಒಂದು ಪುಸ್ತಕ ಬರೆದು, ಕೋಡನ್ನು ತನ್ನ ಅಹಂನಿಂದ ಬೇರ್ಪಡಿಸಿ ನೋಡುವ ಅಭ್ಯಾಸ ತಂಡಕ್ಕೆ ಬೇಕು ಎಂದು ವಾದಿಸಿದರು. ಹೇಳುವುದು ಸುಲಭ. ಹದಿನೈದು ಗಂಟೆ ಕೂತು ಬರೆದದ್ದರ ಕೆಳಗೆ ‘ಇದು ತಪ್ಪು, ಮತ್ತೆ ಬರಿ’ ಎಂಬ ಸಾಲು ಕಂಡರೆ ಹೊಟ್ಟೆಯೊಳಗೆ ಏನೋ ಹಿಂಡುತ್ತದೆ.

ಕನ್ನಡದಲ್ಲಿ ನಮಗೆ ಒಂದು ಅನುಕೂಲವಿದೆ. ‘ಬರಿ’ ಎನ್ನುವುದಕ್ಕೂ ‘ಬರೀರಿ’ ಎನ್ನುವುದಕ್ಕೂ, ‘ಬರೆದರೆ ಹೇಗೆ’ ಎನ್ನುವುದಕ್ಕೂ ಎಷ್ಟು ದೂರ! ನೀನು, ನೀವು, ತಾವು ಎಂದು ಮೂರು ಮೆಟ್ಟಿಲುಗಳಿವೆ. ಇಂಗ್ಲಿಷಿಗೆ ಬಂದ ಕೂಡಲೇ ಈ ಮೆಟ್ಟಿಲುಗಳೆಲ್ಲ ಮಾಯ. ಮನಸ್ಸಿನಲ್ಲಿ ‘ಸ್ವಲ್ಪ ಇದನ್ನ ಬದಲಾಯಿಸ್ತೀರಾ’ ಎಂದುಕೊಂಡು ಬೆರಳಿನಲ್ಲಿ ‘ಚೇಂಜ್ ದಿಸ್’ ಎಂದು ಬರೆಯುತ್ತೇವೆ. ನಮ್ಮ ಬಾಯಿಯ ಮೆದು ಕನ್ನಡದಲ್ಲೇ ಉಳಿದುಹೋಗುತ್ತದೆ, ಆಚೆಯವರಿಗೆ ಆಜ್ಞೆ ಮಾತ್ರ ಕಾಣುತ್ತದೆ. ಆದ್ದರಿಂದ ಇಂಗ್ಲಿಷಿನಲ್ಲಿ ಬರೆಯುವಾಗ ಆ ಮೆದುವನ್ನು ಬೇರೆ ದಾರಿಯಿಂದ ತರಬೇಕು. ಅತ್ಯಂತ ಒಳ್ಳೆಯ ದಾರಿ, ಕಾರಣ ಹೇಳುವುದು. ‘ಇದು ತಪ್ಪು’ ಎನ್ನುವ ಬದಲು ‘ಪಟ್ಟಿ ಖಾಲಿಯಿದ್ದರೆ ಇಲ್ಲಿ ಏನಾಗುತ್ತದೆ? ನನಗೆ ಕಂಡಂತೆ ಮುಂದಿನ ಸಾಲಿನಲ್ಲಿ ಎರರ್ ಬರಬಹುದು’ ಎಂದು ಕೇಳಿ. ಬಹಳ ಸಲ ಬರೆದವರೇ ‘ಅರೆ, ಹೌದು’ ಎಂದು ತಿದ್ದುತ್ತಾರೆ. ಕೆಲವೊಮ್ಮೆ ‘ಪಟ್ಟಿ ಖಾಲಿ ಬರುವುದೇ ಇಲ್ಲ, ಹಿಂದೆಯೇ ಪರೀಕ್ಷಿಸಿದ್ದೇನೆ’ ಎಂಬ ಉತ್ತರ ಬಂದು ನಾವೇ ಕಲಿಯುತ್ತೇವೆ. ಪ್ರಶ್ನೆಯಾಗಿ ಕೇಳಿದ್ದರಿಂದ ಯಾರಿಗೂ ಮುಖಭಂಗವಿಲ್ಲ.

ಕಾಮೆಂಟ್ ಕೋಡಿನ ಬಗ್ಗೆ ಇರಲಿ, ಬರೆದವರ ಬಗ್ಗೆ ಬೇಡ. ‘ನೀವು ಯಾಕೆ ಹೀಗೆ ಮಾಡಿದಿರಿ’ ಎಂಬುದಕ್ಕಿಂತ ‘ಈ ಫಂಕ್ಷನ್ ಎರಡು ಕೆಲಸ ಮಾಡುತ್ತಿದೆ’ ಎಂಬುದು ಮೇಲು. ‘ಸುಮ್ಮನೆ ಇಷ್ಟು ಮಾಡಿದ್ದರೆ ಆಗುತ್ತಿತ್ತಲ್ಲ’, ‘ಇದು ಯಾರಿಗಾದರೂ ಗೊತ್ತಾಗುತ್ತೆ’ ಎಂಬ ಧಾಟಿಯನ್ನು ಪೂರ್ತಿ ಬಿಟ್ಟುಬಿಡಿ. ತಿದ್ದಲೇಬೇಕಾದ್ದು ಯಾವುದು, ನನ್ನ ರುಚಿ ಯಾವುದು ಎಂಬುದನ್ನು ಬೇರೆ ಬೇರೆಯಾಗಿ ಗುರುತಿಸಿ. ಚಿಕ್ಕಪುಟ್ಟದ್ದಕ್ಕೆ ‘ನಿಟ್’ ಎಂದು ಮುಂದೆ ಬರೆಯುವ ರೂಢಿ ಇದೆ. ತಿದ್ದಿದರೆ ಸರಿ, ಬಿಟ್ಟರೂ ಸರಿ ಎಂದು ಅದರ ಅರ್ಥ. ಸ್ಪೇಸ್ ಎಷ್ಟು, ಬ್ರಾಕೆಟ್ ಎಲ್ಲಿ ಎಂಬ ಜಗಳವನ್ನಂತೂ ಮನುಷ್ಯರು ಆಡುವ ಅಗತ್ಯವೇ ಇಲ್ಲ. ಗೋ ಭಾಷೆಗೆ ಗೋಫಮ್ಟ್, ಪೈಥಾನಿಗೆ ಬ್ಲ್ಯಾಕ್, ಜಾವಾಸ್ಕ್ರಿಪ್ಟಿಗೆ ಪ್ರೆಟಿಯರ್ ಎಂಬ ಸಾಧನಗಳಿವೆ. ಒಮ್ಮೆ ತಂಡ ಕೂತು ಒಪ್ಪಿಕೊಂಡರೆ ಆ ತಗಾದೆ ಅಲ್ಲಿಗೆ ಮುಗಿಯಿತು. ಎಷ್ಟೋ ಮನಸ್ತಾಪಗಳು ಇದೊಂದರಿಂದಲೇ ತಪ್ಪಿದ್ದನ್ನು ನೋಡಿದ್ದೇನೆ.

ಒಂದೇ ವಿಷಯದ ಮೇಲೆ ಮೂರನೆಯ ಸುತ್ತು ಉತ್ತರ–ಪ್ರತ್ಯುತ್ತರ ಶುರುವಾದರೆ ಬರೆಯುವುದನ್ನು ನಿಲ್ಲಿಸಿ, ಕರೆ ಮಾಡಿ. ಹತ್ತು ನಿಮಿಷದಲ್ಲಿ ಬಗೆಹರಿಯುತ್ತದೆ. ಬಗೆಹರಿದದ್ದನ್ನು ಮಾತ್ರ ಆಮೇಲೆ ಅಲ್ಲಿ ಬರೆದಿಡಿ. ಚೆನ್ನಾಗಿದ್ದದ್ದನ್ನು ಚೆನ್ನಾಗಿದೆ ಎಂದೂ ಬರೆಯಿರಿ. ನಮ್ಮ ಮನೆಗಳಲ್ಲಿ ಮಕ್ಕಳನ್ನು ಎದುರಿಗೆ ಹೊಗಳಬಾರದು ಎಂದು ಬೆಳೆಸಿದ್ದಾರೆ, ಅದರಿಂದಲೋ ಏನೋ ನಮಗೆ ಮೆಚ್ಚುಗೆಯ ಮಾತು ಬೇಗ ಬರುವುದಿಲ್ಲ. ಈ ವಿಷಯದಲ್ಲಿ ಇಲ್ಲಿಯವರಿಂದ ಕಲಿಯಬೇಕು.

ಬರೆಯುವವರ ಕಡೆಯಿಂದಲೂ ಹೊಣೆಯಿದೆ. ಎರಡು ಸಾವಿರ ಸಾಲಿನ ಪುಲ್ ರಿಕ್ವೆಸ್ಟನ್ನು ಸಂಜೆ ನಾಲ್ಕೂವರೆಗೆ ಹಾಕಿ ‘ಇವತ್ತೇ ನೋಡಿ’ ಎನ್ನುವುದು ಒರಟುತನ. ಕೆಲಸವನ್ನು ಓದಬಹುದಾದ ತುಂಡುಗಳಾಗಿ ಒಡೆಯಿರಿ. ಏನು ಬದಲಿಸಿದ್ದೀರಿ ಎಂಬುದಕ್ಕಿಂತ ಏಕೆ ಬದಲಿಸಿದಿರಿ ಎಂದು ಬರೆಯಿರಿ. ಏನು ಎಂಬುದು ಕೋಡಿನಲ್ಲೇ ಕಾಣುತ್ತದೆ, ಏಕೆ ಎಂಬುದು ನಿಮ್ಮ ತಲೆಯಲ್ಲಿ ಮಾತ್ರ ಇದೆ. ಇತ್ತೀಚೆಗೆ ಎಐ ಸಾಧನಗಳು ಕ್ಷಣದಲ್ಲಿ ನೂರಾರು ಸಾಲು ಬರೆದುಕೊಡುತ್ತವೆ. ಅದನ್ನು ತಾವು ಒಮ್ಮೆಯೂ ಓದದೆ ಸಹೋದ್ಯೋಗಿಯ ಮುಂದೆ ಸುರಿಯುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಬರೆಯಲು ಒಂದು ನಿಮಿಷ ಹಿಡಿದದ್ದನ್ನು ಅರ್ಥ ಮಾಡಿಕೊಳ್ಳಲು ಇನ್ನೊಬ್ಬರ ಮಧ್ಯಾಹ್ನವೆಲ್ಲ ಹೋಗುತ್ತದೆ. ಯಾವ ಸಾಧನ ಬರೆದರೂ ನಿಮ್ಮ ಹೆಸರಿನಲ್ಲಿ ಕಳಿಸುವ ಮುನ್ನ ಪ್ರತಿ ಸಾಲನ್ನೂ ನೀವೇ ಮೊದಲು ಓದಿ.

ಒರಟು ಮಾತಿಲ್ಲದೆ ಗುಣಮಟ್ಟ ಉಳಿಯುವುದಿಲ್ಲ ಎಂದು ವಾದಿಸುವ ಹಿರಿಯರು ಇದ್ದಾರೆ. ಅವರು ಬಹಳ ಕಾಲ ಲೀನಸ್ ಟೋರ್ವಾಲ್ಡ್ಸ್ ಹೆಸರು ಹೇಳುತ್ತಿದ್ದರು. ಲಿನಕ್ಸ್ ಕರ್ನೆಲ್ ಅವರದು; 2005ರಲ್ಲಿ ಗಿಟ್ ಅನ್ನು ಮೊದಲು ಬರೆದವರೂ ಅವರೇ. ಕರ್ನೆಲ್ಲಿಗೆ ಕೋಡ್ ಕಳಿಸಿದವರನ್ನು ಅವರು ಇಮೇಲಿನಲ್ಲಿ ಬೈಯುತ್ತಿದ್ದದ್ದು ಲೋಕಕ್ಕೆಲ್ಲ ಗೊತ್ತಿತ್ತು. 2018ರ ಸೆಪ್ಟೆಂಬರ್ 16ರಂದು ಅವರೇ ತಮ್ಮ ನಡವಳಿಕೆಗೆ ಕ್ಷಮೆ ಕೇಳಿ, ಜನರ ಭಾವನೆಗಳನ್ನು ಅರಿಯಲು ನೆರವು ಪಡೆಯುತ್ತೇನೆ ಎಂದು ಬಹಿರಂಗವಾಗಿ ಬರೆದು, ಕೆಲಸದಿಂದ ಬಿಡುವು ತೆಗೆದುಕೊಂಡರು. ಆಗ ತಯಾರಾಗುತ್ತಿದ್ದ ಕರ್ನೆಲ್ ಆವೃತ್ತಿಯನ್ನು ಗ್ರೆಗ್ ಕ್ರೋವಾ–ಹಾರ್ಟ್‌ಮನ್ ಮುಗಿಸಿ ಬಿಡುಗಡೆ ಮಾಡಿದರು. ಅದೇ ದಿನಗಳಲ್ಲಿ ಕರ್ನೆಲ್ ಸಮುದಾಯ ಹೊಸ ನಡತೆಯ ನಿಯಮಾವಳಿಯನ್ನು ಒಪ್ಪಿಕೊಂಡಿತು. ಅಕ್ಟೋಬರ್‌ನಲ್ಲಿ ಟೋರ್ವಾಲ್ಡ್ಸ್ ಮರಳಿದರು. ಕರ್ನೆಲ್ಲಿನ ಆವೃತ್ತಿಗಳು ಅಂದಿನಿಂದ ಇಂದಿನವರೆಗೂ ಬರುತ್ತಲೇ ಇವೆ.

ಸರ್ ಎನ್ನುವವರು, ಎನ್ನದವರು

ಆಕ್ಲೆಂಡಿನ ಕಚೇರಿಯಲ್ಲಿ ಮುಖ್ಯಸ್ಥರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ಬೆಂಗಳೂರಿನಲ್ಲೂ ಐಟಿ ಕಂಪನಿಗಳಲ್ಲಿ ಈ ರೂಢಿ ಬಂದಿದೆ, ಆದರೂ ಹೊಸದಾಗಿ ಸೇರಿದ ಹುಡುಗ ಹುಡುಗಿಯರ ಬಾಯಲ್ಲಿ ಸರ್, ಮೇಡಂ ತಾನಾಗಿ ಬರುತ್ತದೆ. ಅದನ್ನು ತಿದ್ದಲು ಹೋಗಬೇಡಿ, ಕರೆಯಲಿ. ನೋಡಬೇಕಾದ್ದು ಬೇರೆ: ಆ ಹುಡುಗಿಗೆ ಹಿರಿಯರ ಕೋಡಿನಲ್ಲಿ ತಪ್ಪು ಕಂಡಾಗ ಹೇಳಲು ಧೈರ್ಯವಿದೆಯೇ? ಇಲ್ಲದಿದ್ದರೆ ಅದು ಅವಳ ಕೊರತೆಯಲ್ಲ, ಹಿರಿಯರದು. ನಮ್ಮ ತಂಡದ ಹಿರಿಯರೊಬ್ಬರು ತಮ್ಮ ಪುಲ್ ರಿಕ್ವೆಸ್ಟಿನಲ್ಲಿ ತಾವೇ ‘ಈ ಭಾಗ ನನಗೂ ಖಚಿತವಿಲ್ಲ, ದಯವಿಟ್ಟು ಇಲ್ಲಿ ಗಟ್ಟಿಯಾಗಿ ನೋಡಿ’ ಎಂದು ಬರೆಯುತ್ತಾರೆ. ಆ ಒಂದು ಸಾಲು ಕಿರಿಯರಿಗೆ ಕೊಟ್ಟ ಧೈರ್ಯವನ್ನು ಯಾವ ತರಬೇತಿಯೂ ಕೊಟ್ಟಿಲ್ಲ. ಕಿರಿಯರೂ ‘ಸರ್, ತಪ್ಪಿದೆ’ ಎನ್ನಲು ಅಂಜಿದರೆ ‘ಇದು ನನಗೆ ಅರ್ಥವಾಗಲಿಲ್ಲ, ಈ ಸಂದರ್ಭದಲ್ಲಿ ಹೇಗೆ ನಡೆಯುತ್ತದೆ’ ಎಂದು ಕೇಳಲಿ. ಮರ್ಯಾದೆಯೂ ಉಳಿಯುತ್ತದೆ, ಬಗ್ ಕೂಡ ಸಿಕ್ಕಿಬೀಳುತ್ತದೆ.

ಕೆಟ್ಟ ರಾತ್ರಿಯಲ್ಲಿ

ಸೌಜನ್ಯದ ನಿಜವಾದ ಪರೀಕ್ಷೆ ಪ್ರೊಡಕ್ಷನ್ ಬಿದ್ದಾಗ. 2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರ್ ಒಬ್ಬರು ಗಂಟೆಗಟ್ಟಲೆ ದುಡಿದು ದಣಿದಿದ್ದಾಗ, ಎರಡನೆಯ ಸರ್ವರಿನ ದತ್ತಾಂಶ ಎಂದುಕೊಂಡು ಮುಖ್ಯ ಸರ್ವರಿನದನ್ನು ಅಳಿಸಿಬಿಟ್ಟರು. ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ 4.5 ಜಿಬಿಯಷ್ಟೇ ಉಳಿದಿತ್ತು. ಬ್ಯಾಕಪ್ ಹುಡುಕಿದರೆ ಇರಲಿಲ್ಲ. ಡೇಟಾಬೇಸಿನ ಆವೃತ್ತಿಗೂ ಬ್ಯಾಕಪ್ ಸಾಧನದ ಆವೃತ್ತಿಗೂ ತಾಳೆಯಾಗದೆ ಅದು ವಿಫಲವಾಗುತ್ತಲೇ ಇತ್ತು, ವಿಫಲವಾಗಿದೆ ಎಂಬ ಇಮೇಲುಗಳೂ ಯಾರನ್ನೂ ತಲುಪುತ್ತಿರಲಿಲ್ಲ. ಆರು ಗಂಟೆ ಮುಂಚೆ ಬೇರೊಂದು ಕೆಲಸಕ್ಕೆ ತೆಗೆದಿಟ್ಟ ಪ್ರತಿಯೊಂದು ಕೈಹಿಡಿಯಿತು. ಕಂಪನಿ ಮರುಸ್ಥಾಪನೆಯನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸಿತು. ನಡೆದದ್ದನ್ನೆಲ್ಲ ಬರೆದು ಪ್ರಕಟಿಸಿತು. ಆ ಬರಹದಲ್ಲಿ ಎಂಜಿನಿಯರಿನ ಹೆಸರಿಲ್ಲ, ತಂಡದ ಒಬ್ಬ ಸದಸ್ಯ ಎಂದಷ್ಟೇ ಇದೆ. ಒಬ್ಬರನ್ನು ಬೈದು ಕೈತೊಳೆದುಕೊಂಡಿದ್ದರೆ ಬ್ಯಾಕಪ್ಪಿನ ಕಥೆ ಹೊರಗೇ ಬರುತ್ತಿರಲಿಲ್ಲ.

ಗಿಟ್‌ನಲ್ಲಿ ಯಾವ ಸಾಲನ್ನು ಯಾರು ಬರೆದರು ಎಂದು ತೋರಿಸುವ ಆಜ್ಞೆಯ ಹೆಸರು ‘ಬ್ಲೇಮ್’, ಅಂದರೆ ದೂಷಣೆ. ಅದಕ್ಕಿಂತ ಹಳೆಯ ಸಬ್‌ವರ್ಷನ್‌ನಲ್ಲಿ ಅದೇ ಆಜ್ಞೆಗೆ ‘ಪ್ರೇಸ್’, ಅಂದರೆ ಹೊಗಳಿಕೆ, ಎಂಬ ಇನ್ನೊಂದು ಹೆಸರೂ ಇತ್ತು. ಕೆಲಸ ಒಂದೇ. ಯಾರು ಬರೆದರು ಎಂದು ನೋಡುವುದು ಅವರನ್ನು ಕೇಳಿ ತಿಳಿಯುವುದಕ್ಕಾಗಿ ಇರಲಿ. ತಪ್ಪು ನಿಮ್ಮದಾಗಿದ್ದರೆ ಮೊದಲು ನೀವೇ ಹೇಳಿ. ಮುಚ್ಚಿಟ್ಟ ಅರ್ಧ ಗಂಟೆಯಲ್ಲಿ ಇತರರು ತಪ್ಪು ಜಾಗದಲ್ಲಿ ಅಗೆಯುತ್ತಿರುತ್ತಾರೆ. ಶುಕ್ರವಾರ ಸಂಜೆ ಆಕ್ಲೆಂಡಿನಿಂದ ರಿಲೀಸ್ ಮಾಡಿ ಮನೆಗೆ ಹೋಗುವ ಅಭ್ಯಾಸ ಬಿಡಿ. ನಮಗೆ ವಾರ ಮುಗಿದಿರುತ್ತದೆ, ಬೆಂಗಳೂರಿನಲ್ಲಿ ಶುಕ್ರವಾರ ಆಗಷ್ಟೇ ಶುರುವಾಗಿರುತ್ತದೆ. ನಾವು ಹಾಕಿದ ಗಂಟನ್ನು ಅವರು ಒಬ್ಬರೇ ಬಿಡಿಸುತ್ತ ಕೂರಬೇಕಾಗುತ್ತದೆ.

ಇಲ್ಲಿ ಕೆಲಸ ಮಾಡುವವರು ಒಂದು ವಿಷಯ ತಿಳಿದಿರಬೇಕು. ನ್ಯೂಜಿಲೆಂಡಿನ 2000ದ ಉದ್ಯೋಗ ಸಂಬಂಧಗಳ ಕಾಯ್ದೆ ಕೆಲಸ ಕೊಟ್ಟವರೂ ಮಾಡುವವರೂ ಪರಸ್ಪರ ಸದ್ಭಾವದಿಂದ ನಡೆದುಕೊಳ್ಳಬೇಕೆಂದು ಹೇಳುತ್ತದೆ. 2015ರ ಆರೋಗ್ಯ ಮತ್ತು ಸುರಕ್ಷತಾ ಕಾಯ್ದೆಯಲ್ಲಿ ಆರೋಗ್ಯ ಎಂದರೆ ಮಾನಸಿಕ ಆರೋಗ್ಯವೂ ಸೇರಿದೆ. ಮತ್ತೆ ಮತ್ತೆ ನಡೆಯುವ, ದೇಹಕ್ಕೋ ಮನಸ್ಸಿಗೋ ಹಾನಿ ಮಾಡಬಲ್ಲ ಅನುಚಿತ ವರ್ತನೆಯನ್ನು ಸರ್ಕಾರದ ವರ್ಕ್‌ಸೇಫ್ ಸಂಸ್ಥೆ ಕಿರುಕುಳ ಎಂದು ಗುರುತಿಸುತ್ತದೆ. ರಿವ್ಯೂನಲ್ಲಿ ಒಬ್ಬರನ್ನೇ ಗುರಿಮಾಡಿ ಪದೇ ಪದೇ ಹೀಯಾಳಿಸುತ್ತಿದ್ದರೆ ‘ಅವರ ಸ್ವಭಾವವೇ ಹಾಗೆ’ ಎಂದು ಸಹಿಸಬೇಕಿಲ್ಲ. ವೀಸಾದ ಭಯದಿಂದ ಬಾಯಿ ಮುಚ್ಚಿಕೊಂಡಿರುವ ಹೊಸಬರಿಗಾಗಿ ಇದನ್ನು ಬರೆಯುತ್ತಿದ್ದೇನೆ: ದಿನಾಂಕ ಹಾಕಿ ಬರೆದಿಡಿ, ನಂಬಿಕೆಯಿರುವ ಒಬ್ಬರಿಗೆ ಹೇಳಿ, ಆಮೇಲೆ ಮೇಲಿನವರಿಗೆ ತಿಳಿಸಿ.

ಯಾರ ರಾತ್ರಿ, ಯಾರ ಹಬ್ಬ

ಮೀಟಿಂಗ್ ವಿಷಯದಲ್ಲಿ ನಮ್ಮ ತಂಡದ ಒಪ್ಪಂದ ಸರಳ. ಚಳಿಗಾಲದಲ್ಲಿ ಒಂದು ವಾರ ನಾವು ಸಂಜೆ ಏಳಕ್ಕೆ ಕೂರುತ್ತೇವೆ, ಅಲ್ಲಿ ಮಧ್ಯಾಹ್ನ ಹನ್ನೆರಡೂವರೆ. ಮರುವಾರ ಅವರು ಬೆಳಿಗ್ಗೆ ಎಂಟಕ್ಕೆ ಮನೆಯಿಂದಲೇ ಬರುತ್ತಾರೆ, ಇಲ್ಲಿ ಎರಡೂವರೆ. ಅನಾನುಕೂಲವೂ ಸರದಿಯಲ್ಲಿ ಬರಲಿ ಎಂಬುದು ಉದ್ದೇಶ. ಗಡಿಯಾರ ಬದಲಾಗುವ ವಾರ ಮುಂಚೆಯೇ ಎಲ್ಲರಿಗೂ ನೆನಪಿಸಿ. ಭಾರತದ ಗಡಿಯಾರ ಬದಲಾಗುವುದಿಲ್ಲ, ಹತ್ತೂವರೆಯ ಮೀಟಿಂಗ್ ಏಕಾಏಕಿ ಒಂಬತ್ತೂವರೆಗೆ ಬಂದರೆ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರ ಪಾಡು ನಿಮಗೇ ಗೊತ್ತು. ಇಲ್ಲಿಯ ಮೂಲನಿವಾಸಿಗಳಾದ ಮಾವೋರಿಗಳ ಹೊಸವರ್ಷ ಮತಾರಿಕಿ 2022ರಿಂದ ಸಾರ್ವಜನಿಕ ರಜೆ. ನಮ್ಮ ಯುಗಾದಿಯಂತೆ ಚಂದ್ರನ ಲೆಕ್ಕದ ಹಬ್ಬವಾದ್ದರಿಂದ ದಿನಾಂಕ ಪ್ರತಿ ವರ್ಷ ಬೇರೆ. ನವೆಂಬರ್ 1ರಂದು, ರಾಜ್ಯೋತ್ಸವಕ್ಕೆ, ಬೆಂಗಳೂರಿನ ಕಚೇರಿಯಲ್ಲಿ ಯಾರೂ ಇರುವುದಿಲ್ಲ. ಎರಡೂ ಊರಿನ ರಜೆಗಳನ್ನು ಒಂದೇ ಕ್ಯಾಲೆಂಡರಿಗೆ ಹಾಕಲು ಹತ್ತು ನಿಮಿಷ ಸಾಕು.

ಮನೆಯಿಂದ ಕೆಲಸ ಮಾಡುವಾಗ ಮಾತಾಡದಿದ್ದರೆ ಮ್ಯೂಟ್ ಮಾಡಿಕೊಳ್ಳಿ. ಅಮ್ಮ ಊರಿನಿಂದ ಬಂದಿದ್ದಾಗ ನಮ್ಮ ಕುಕ್ಕರಿನ ಸೀಟಿ ಎರಡು ದೇಶಕ್ಕೂ ಕೇಳಿಸಿತ್ತು. ಯಾರೂ ಏನೂ ಅನ್ನಲಿಲ್ಲ. ಬೆಂಗಳೂರಿನಿಂದ ಒಬ್ಬರು ‘ಸಾರಿಗೋ, ಅನ್ನಕ್ಕೋ’ ಎಂದು ವಿಚಾರಿಸಿದರು.

ತಂಡದಲ್ಲಿ ಇನ್ನೊಬ್ಬ ಕನ್ನಡಿಗರು ಸಿಕ್ಕಿದರೆ ಆಗುವ ಸಂತೋಷ ಹೇಳತೀರದು. ಊಟದ ಹೊತ್ತಿಗೆ ಮನಸಾರೆ ಕನ್ನಡ ಮಾತಾಡೋಣ. ಆದರೆ ಮೀಟಿಂಗಿನಲ್ಲಿ, ಎಲ್ಲರೂ ಓದುವ ಚಾನೆಲ್ಲಿನಲ್ಲಿ ನಮ್ಮಿಬ್ಬರ ನಡುವೆ ಕನ್ನಡದಲ್ಲಿ ತೀರ್ಮಾನ ಆಗಬಾರದು. ಬೆಂಗಳೂರಿನ ಕಚೇರಿಯಲ್ಲಿ ಸುತ್ತಲಿನವರೆಲ್ಲ ಹಿಂದಿಗೆ ತಿರುಗಿಕೊಂಡಾಗ ಹೊರಗೆ ನಿಂತಂತೆ ಅನ್ನಿಸಿದ್ದು ನಮಗೆ ನೆನಪಿರಬೇಕಲ್ಲ.

ಹೆಸರುಗಳನ್ನು ಸರಿಯಾಗಿ ಹೇಳುವುದೂ ಸೌಜನ್ಯವೇ, ಅದರಲ್ಲಿ ಕನ್ನಡಿಗರಿಗೆ ಒಂದು ಭಾಗ್ಯವಿದೆ. ಮಾವೋರಿ ಭಾಷೆಯಲ್ಲಿ ಹ್ರಸ್ವ, ದೀರ್ಘ ನಮ್ಮಂತೆಯೇ. ದೀರ್ಘಕ್ಕೆ ಮೇಲೆ ಎಳೆಯುವ ಗೆರೆಯನ್ನು ತೊಹುತೋ ಎನ್ನುತ್ತಾರೆ. ನಮ್ಮ ಪಕ್ಕದ ಬಡಾವಣೆ ಓತರ, ಮೊದಲ ಅಕ್ಷರ ದೀರ್ಘ. ವಂದನೆಗಳೊಂದಿಗೆ ಎನ್ನಲು ಇಲ್ಲಿಯ ಇಮೇಲುಗಳ ಕೊನೆಗೆ ‘ಙಾ ಮಿಹಿ’ ಎಂದು ಬರೆಯುತ್ತಾರೆ. ಒಂದನೆಯ ತರಗತಿಯಲ್ಲಿ ಕ ಖ ಗ ಘ ಆದ ಮೇಲೆ ಕಲಿತು, ಪದದ ಮೊದಲಲ್ಲಿ ಎಂದೂ ಬಳಸದೆ ಬಿಟ್ಟ ಅಕ್ಷರ ನನಗೆ ಕೆಲಸಕ್ಕೆ ಬಂದದ್ದು ಫ್ಲ್ಯಾಟ್ ಬುಷ್‌ನಲ್ಲಿ. ನಿಮ್ಮ ಹೆಸರನ್ನೂ ತುಂಡರಿಸಿಕೊಳ್ಳಬೇಡಿ, ಒಮ್ಮೆ ನಿಧಾನವಾಗಿ ಹೇಳಿಕೊಡಿ, ಕಲಿಯುತ್ತಾರೆ.

ಹೆಸರಿನ ಜೊತೆ ಶ್ರೇಯಸ್ಸೂ ಇದೆ. ಕನ್ನಡ ಟೈಪ್ ಮಾಡುವ ಎಷ್ಟೋ ಜನ ದಿನವೂ ಒತ್ತುವ ನುಡಿ ಕೀಲಿಮಣೆಯ ಹಿಂದೆ ಕೆ.ಪಿ. ರಾವ್ ರೂಪಿಸಿದ ವಿನ್ಯಾಸವಿದೆ. ಅದನ್ನು ಅವರು ಎಲ್ಲರ ಬಳಕೆಗೆ ಬಿಟ್ಟುಕೊಟ್ಟರು. ಬಳಸುವವರಲ್ಲಿ ಎಷ್ಟು ಮಂದಿಗೆ ಆ ಹೆಸರು ಗೊತ್ತು? ತಂಡದ ಸಭೆಯಲ್ಲಿ ಕೆಲಸ ತೋರಿಸುವಾಗ ‘ನಾನು ಮಾಡಿದೆ’ ಎನ್ನುವ ಮುನ್ನ, ನಿದ್ದೆಯಲ್ಲಿರುವ ಬೆಂಗಳೂರಿನವರ ಪಾಲು ಎಷ್ಟು ಎಂದು ನೆನೆದು ಅವರ ಹೆಸರು ಹೇಳಿ.

ಬಿಟ್ಟು ಹೋಗುವಾಗ

ಇಲ್ಲಿ ಯಾರಾದರೂ ಕೆಲಸ ಬಿಟ್ಟರೆ ಬೆಳಗಿನ ಚಹಾ ಕೂಟ ಇರುತ್ತದೆ, ಎಲ್ಲರೂ ಏನಾದರೂ ತಿಂಡಿ ತರುತ್ತಾರೆ. ಆ ವಾರ ಮಾಡಬೇಕಾದ ಇನ್ನೊಂದು ಕೆಲಸವಿದೆ. ನಾನು ಈ ತಂಡಕ್ಕೆ ಬಂದ ಮೊದಲ ದಿನ, ನನಗಿಂತ ಮೊದಲು ಈ ಕುರ್ಚಿಯಲ್ಲಿದ್ದವರು ಬಿಟ್ಟುಹೋದ ಒಂದು ಕಡತ ಸಿಕ್ಕಿತು. ಅದರಲ್ಲಿ ಇದ್ದದ್ದು ಇಷ್ಟು: ಯಾವ ಟೆಸ್ಟ್ ಕಾರಣವಿಲ್ಲದೆ ಬೀಳುತ್ತದೆ, ಯಾವ ಸರ್ವರನ್ನು ಮುಟ್ಟುವ ಮುನ್ನ ಯಾರನ್ನು ಕೇಳಬೇಕು, ಬಿಲ್ಲಿಂಗ್ ಕೋಡಿನಲ್ಲಿ ಆ ವಿಚಿತ್ರ ಸಾಲು ಏಕಿದೆ, ಅದನ್ನು ತೆಗೆದು ಅವರು ಒಮ್ಮೆ ಪಟ್ಟ ಪಾಡೇನು, ಬೆಂಗಳೂರಿನಲ್ಲಿ ಯಾರಿಗೆ ಬೆಳಿಗ್ಗೆ ಹನ್ನೊಂದರ ಮೊದಲು ಕರೆ ಮಾಡಬಾರದು, ಏಕೆಂದರೆ ಅವರು ಮಗುವನ್ನು ಶಾಲೆಗೆ ಬಿಡುತ್ತಿರುತ್ತಾರೆ. ಅವರನ್ನು ನಾನು ಇವತ್ತಿನವರೆಗೂ ನೋಡಿಲ್ಲ. ಆ ಕಡತವನ್ನು ಈಗಲೂ ವಾರಕ್ಕೊಮ್ಮೆ ತೆರೆಯುತ್ತೇನೆ. ಅದರ ಕೊನೆಯಲ್ಲಿ ನಾನು ಸೇರಿಸಿದ ಹದಿನೇಳು ಸಾಲುಗಳಿವೆ.